ಜೋಳ ಹಿಡಿದು ಕೇಳಬೇಕಾದ ಕಥೆ

ಹೋದ ಶನಿವಾರ ಬೆಳಿಗ್ಗೆ ನನ್ನ ಫೋನನ್ನು ನಾನೇ ಕೈಯಾರೆ ನೀರಿನ ಡ್ರಮ್ಮಿಗೆ ಬಿಟ್ಟೆ. ಊರವರ ಮುಂದೆಲ್ಲ ‘ಬಿತ್ತು’ ಎಂದು ಹೇಳಿಕೊಂಡು ತಿರುಗುತ್ತಿದ್ದೇನೆ, ಆದರೆ ನಿಮ್ಮ ಮುಂದೆ ಯಾಕೆ ಮುಚ್ಚುಮರೆ? ನಳ ಬಂದಿತ್ತು. ಬಲಗೈಯಲ್ಲಿ ಪೈಪು, ಎಡಗೈಯಲ್ಲಿ ಫೋನು. ಫೋನಿನಲ್ಲಿ ಒಬ್ಬ ಗಡ್ಡದ ಮನುಷ್ಯ ಏಕಾಗ್ರತೆ ಹೆಚ್ಚಿಸಿಕೊಳ್ಳಲು ಐದು ಉಪಾಯ ಹೇಳುತ್ತಿದ್ದ. ಮೂರನೆಯ ಉಪಾಯಕ್ಕೆ ಬರುವಷ್ಟರಲ್ಲಿ ಮೊದಲ ಡ್ರಮ್ಮು ತುಂಬಿ ನೀರು ಅಂಗಳಕ್ಕೆಲ್ಲ ಹರಿಯಿತು. ಒಳಗಿನಿಂದ ನಮ್ಮಾಕಿ, ಅಂದರೆ ನನ್ನ ಹೆಂಡತಿ, ಕೂಗಿದಳು. ಗಡಿಬಿಡಿಯಲ್ಲಿ ಕೈಯಲ್ಲಿದ್ದುದನ್ನು ಎರಡನೆಯ ಡ್ರಮ್ಮಿಗೆ ಬಿಟ್ಟೆ. ಬಿಟ್ಟದ್ದು ಎಡಗೈಯದು. ಪೈಪನ್ನು ಹಿಡಿದುಕೊಂಡು ಅದನ್ನೇ ನೋಡುತ್ತ ಒಂದು ಗಳಿಗೆ ನಿಂತಿದ್ದೆ. ಉಳಿದೆರಡು ಉಪಾಯಗಳು ಯಾವುವೆಂದು ನನಗೆ ಈವರೆಗೂ ಗೊತ್ತಾಗಿಲ್ಲ.

ಒದ್ದೆಯಾದ ಫೋನನ್ನು ಅಕ್ಕಿಯಲ್ಲಿ ಹುಗಿದಿಡಬೇಕು ಎನ್ನುತ್ತಾರೆ. ಖರೆಯೋ ಸುಳ್ಳೋ ಹುಡುಕಿ ನೋಡೋಣವೆಂದರೆ ಹುಡುಕುವ ಸಾಧನವೇ ನೀರು ಕುಡಿದು ಕೂತಿತ್ತು. ಅಕ್ಕಿ ಡಬ್ಬದ ಮುಚ್ಚಳಕ್ಕೆ ಕೈ ಹಾಕಿದೆ. ನಮ್ಮಾಕಿ ಮಹಾದೇವಿ ತಡೆದಳು. ನಮ್ಮ ಕಡೆಯ ಮನೆಗಳಲ್ಲಿ ಅಕ್ಕಿಯದು ಸಣ್ಣ ಡಬ್ಬ, ಜೋಳದ್ದು ದೊಡ್ಡ ಡಬ್ಬ. ಅಕ್ಕಿಯಲ್ಲಿ ಹುಗಿದರೆ ಫೋನಿನ ತಲೆ ಹೊರಗೇ ಉಳಿಯುತ್ತದೆ, ತಲೆ ಹೊರಗಿದ್ದರೆ ನಾನು ಅದನ್ನು ನೋಡುತ್ತಲೇ ಇರುತ್ತೇನೆ ಎಂಬುದು ಆಕೆಯ ವಾದ. “ಜ್ವಾಳದಾಗ ಇಡ್ರಿ. ಎರಡು ದಿನ ಅದರ ಸುದ್ದಿಗೆ ಹೋಗಬ್ಯಾಡ್ರಿ” ಎಂದಳು. ಎರಡು ದಿನ ಎನ್ನುವಾಗ ಆಕೆಯ ದನಿಯಲ್ಲಿ ಒಂದು ಸಣ್ಣ ಹಬ್ಬವಿತ್ತು ಎಂದು ನನ್ನ ಗುಮಾನಿ.

ಹೋಗಬೇಡ ಎಂದರೆ ಕೇಳುವ ಕೈಯೇ ನನ್ನದು? ನಾನು ಹೈಸ್ಕೂಲಿನ ಲೆಕ್ಕದ ಮಾಸ್ತರ. ‘ಲಕ್ಷ್ಯ ಎಲ್ಲಿದೆಯೋ ನಿನ್ನದು?’ ಎಂದು ಮಕ್ಕಳನ್ನು ಬೈಯುವುದರಲ್ಲೇ ಇಪ್ಪತ್ತೆಂಟು ವರ್ಷ ಕಳೆದವನು. ಮನೆಯಲ್ಲಿ ಮಾತ್ರ ಅರ್ಧ ತಾಸಿಗೊಮ್ಮೆ ಕಳ್ಳನ ಹಾಗೆ ಅಡುಗೆಮನೆಗೆ ಹೋಗಿ ಡಬ್ಬದೊಳಗೆ ಮೊಳಕೈತನಕ ಕೈ ಇಳಿಸುತ್ತಿದ್ದೆ. ನಾಲ್ಕನೆಯ ಸಲವೋ ಐದನೆಯ ಸಲವೋ ನಮ್ಮಾಕಿಯ ಹೆಜ್ಜೆ ಸದ್ದು ಕೇಳಿ ಕೈಯನ್ನು ಫಕ್ಕನೆ ಹೊರಗೆಳೆದುಕೊಂಡೆ. ಮುಷ್ಟಿಯಲ್ಲಿ ಫೋನು ಬರಲಿಲ್ಲ, ಹಿಡಿ ಜೋಳ ಬಂತು. ತಣ್ಣಗೆ, ನುಣ್ಣಗೆ, ಸ್ವಲ್ಪ ಧೂಳಿನ ವಾಸನೆ. ಮುಷ್ಟಿ ಬಿಗಿಯಾಗಿದ್ದೇ ತಡ ನನ್ನ ಬಾಯಿಂದ ತಾನಾಗಿಯೇ ‘ಹೂಂ’ ಎಂದು ಬಂತು. ಯಾರೂ ಏನೂ ಹೇಳಿರಲಿಲ್ಲ.

ಇದು ದೊಡ್ಡವ್ವ ಕಲಿಸಿದ ಹೂಂ. ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ, ಸುರಪುರಕ್ಕೆ ಕೊಟ್ಟ ಹೆಣ್ಣು. ಬೇಸಿಗೆ ಸೂಟಿ ಬಂದರೆ ನಾವು ಏಳೆಂಟು ಮಕ್ಕಳು ಆಕೆಯ ಪಡಸಾಲೆಯಲ್ಲಿ ಬಂದು ಬೀಳುತ್ತಿದ್ದೆವು. ವ್ರತದ ಕಥೆ ಕೇಳುವಾಗ ಹೆಂಗಸರು ಕೈಯಲ್ಲಿ ನಾಲ್ಕು ಅಕ್ಷತೆ ಹಿಡಿದು ಕೂರುವುದನ್ನು ನೀವೂ ನೋಡಿರಬಹುದು. ದೊಡ್ಡವ್ವ ಈ ಪದ್ಧತಿಯನ್ನು ಎಲ್ಲ ಕಥೆಗಳಿಗೂ ಹಚ್ಚಿದ್ದಳು. ಮಂಗನ ಕಥೆಯಾದರೂ ಸೈ, ಮೊಸಳೆಯ ಕಥೆಯಾದರೂ ಸೈ, ಪ್ರತಿ ಮಗುವಿನ ಬಲಗೈಯಲ್ಲಿ ಒಂದು ಹಿಡಿ ಜೋಳ. ಮುಷ್ಟಿ ಮುಚ್ಚಿರಬೇಕು, ಕಣ್ಣು ತೆರೆದಿರಬೇಕು, ಮಾತಿಗೊಮ್ಮೆ ಹೂಂ ಅನ್ನಬೇಕು. ಕಾಳು ಕೆಳಗೆ ಬಿತ್ತೋ, ಕಥೆ ಮೊದಲಿಂದ. ಕಥೆ ಮುಗಿದ ಮೇಲೆ ಅಂಗಳಕ್ಕೆ ಹೋಗಿ ಕೋಳಿಗೆ ಹಾಕಬೇಕು. ಜೋಳ ಹಿಡಿದ ಕೈ ಪಕ್ಕದವನನ್ನು ಚಿವುಟುವುದಿಲ್ಲ, ಮೂಗಿಗೆ ಹೋಗುವುದಿಲ್ಲ ಎಂಬ ಅನುಕೂಲ ಒಂದು ಕಡೆ. ಆದರೆ ಆಕೆ ಕೊಡುತ್ತಿದ್ದ ಕಾರಣ ಬೇರೆ. ಕೈಗೆ ಕೆಲಸವಿದ್ದರೆ ಕಿವಿಗೆ ಪುರುಸೊತ್ತು ಸಿಗುತ್ತದಂತೆ.

ಬರೀ ಹೂಂ ಅಂದರೂ ಆಕೆ ನಂಬುವವಳಲ್ಲ. ರಾಜನ ಮಗಳು ನೀರಿಗೆ ಹೋದಳು, ಹೂಂ. ಬಾವಿಯೊಳಗೆ ಬಗ್ಗಿ ನೋಡಿದಳು, ಹೂಂ. ಬಾವಿಯೊಳಗಿನಿಂದ ಶಹಾಪುರದ ಬಸ್ಸು ಬಂತು, ಹೂಂ. ಈ ಮೂರನೆಯ ಹೂಂ ಅಂದವರನ್ನು ಎಬ್ಬಿಸಿ ಕಂಬದ ಪಕ್ಕ ನಿಲ್ಲಿಸುತ್ತಿದ್ದಳು. ನಾನು ಆ ಕಂಬದ ಗೆಳೆಯ. ಕಡೆಗೊಂದು ಪ್ರಶ್ನೆಯೂ ಇರುತ್ತಿತ್ತು, ‘ಕಥಿ ಎಲ್ಲಿಗೆ ಮುಟ್ಟಿತು?’ ಎಂದು. ಕಾಡಿಗೆ, ಅರಮನೆಗೆ, ಹೊಳೆ ದಂಡೆಗೆ, ಎಲ್ಲಿಗೆ ಮುಟ್ಟಿದೆಯೋ ಅಲ್ಲಿಗೆ ಎಂದು ಸರಿಯಾಗಿ ಹೇಳಿದರೇ ಮಂಡಕ್ಕಿ ಸುಸಲಾದ ತಟ್ಟೆ ಮುಂದೆ ಬರುತ್ತಿತ್ತು.

ನಮ್ಮವ್ವ ಕಥೆ ಹೇಳುವವಳಲ್ಲ, ಕೇಳುವವಳು. ಅವಳ ಕೇಳುವಿಕೆಯೇ ಒಂದು ವಿಚಿತ್ರ. ನಾವು ಶಾಲೆಯಿಂದ ಬಂದು ‘ಅವ್ವಾ, ಇವತ್ತು’ ಎಂದು ಬಾಯಿ ತೆರೆದರೆ ಸಾಕು, ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ, ಇಡೀ ಮೈ ನಮ್ಮ ಕಡೆ ತಿರುಗಿಸಿ, ‘ಹೇಳು’ ಎಂದು ಕೂರುತ್ತಿದ್ದಳು. ಹೂಂ ಎಂಬ ಶಬ್ದ ಅವಳ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಹಂಚಿನ ಮೇಲಿದ್ದ ರೊಟ್ಟಿ ಅಷ್ಟರಲ್ಲಿ ಕರ್ರಗಾಗಿರುತ್ತಿತ್ತು. ಅಪ್ಪ ಬೈಯುತ್ತಿದ್ದರು. ನಾವು ಕರಕನ್ನು ಕೆರೆದು ಉಣ್ಣುತ್ತಿದ್ದೆವು. ನಮ್ಮ ಮನೆಯಲ್ಲಿ ಯಾರ ಮಾತು ಎಷ್ಟು ದೊಡ್ಡದಿತ್ತು ಎಂಬುದನ್ನು ಸುಟ್ಟ ರೊಟ್ಟಿ ಎಣಿಸಿ ಹೇಳಬಹುದಿತ್ತು. ಅವ್ವ ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳು ಯಾಕೆ ಹಾಗೆ ರೊಟ್ಟಿ ಸುಡುತ್ತಿದ್ದಳು ಎಂದು ಅವಳಿದ್ದಾಗ ನಾನು ಒಮ್ಮೆಯೂ ಕೇಳಲಿಲ್ಲ.

ಕೇಳದಿದ್ದರೂ ಉತ್ತರ ನನ್ನ ಕಿವಿಯ ಬಾಗಿಲತನಕ ಬಂದಿತ್ತು ನೋಡಿ. ಹೋದ ವರ್ಷ ದಸರಾ ಸೂಟಿಯಲ್ಲಿ ಸುರಪುರಕ್ಕೆ ಹೋಗಿದ್ದೆ. ದೊಡ್ಡವ್ವನಿಗೆ ಎಂಬತ್ತು ದಾಟಿದೆ. ಮಗ, ಸೊಸೆ, ಮೊಮ್ಮಕ್ಕಳು, ಎರಡು ಎಮ್ಮೆ, ಬಾಗಿಲಿಗೆ ಬರುವ ಓಣಿಯ ಮಂದಿ, ಎಲ್ಲರ ಮೇಲೂ ಆಕೆಯ ದರ್ಬಾರು. ಮಧ್ಯಾಹ್ನ ಉಂಡು ಪಡಸಾಲೆಯಲ್ಲಿ ಕೂತಾಗ ತಾನಾಗಿಯೇ ಮಾತು ತೆಗೆದಳು. “ನಿಮ್ಮವ್ವ ಯಾಕ ಹಂಗ ರೊಟ್ಟಿ ಸುಡ್ತಿದ್ಲು, ಗೊತ್ತದೇನು ನಿನಗ? ಅದರ ಹಿಂದೊಂದು ಕಥಿ ಅದ. ತಾ ಇರೂತನ ಹೇಳಬಾರದು ಅಂತ ಆಣಿ ಮಾಡಿಸಿಕೊಂಡಿದ್ಲು. ಈಗ ಹೇಳ್ತೀನಿ.” ಹೇಳಿ, ಪಕ್ಕದ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ಜೋಳ ತೆಗೆದು ನನ್ನ ಕಡೆ ಚಾಚಿದಳು.

ಐವತ್ತೈದು ವರ್ಷದ ಮಾಸ್ತರ ನಾನು. ಮೊಮ್ಮಕ್ಕಳು ಓಡಾಡುತ್ತಿದ್ದಾರೆ. ನಾನೇನು ಸಣ್ಣ ಹುಡುಗನೇ ಎಂದು ನಕ್ಕು ಬೇಡವೆಂದೆ. ದೊಡ್ಡವ್ವ ಜೋಳವನ್ನು ಚೀಲಕ್ಕೆ ವಾಪಸು ಹಾಕಿದಳು. ನನ್ನ ಕೈ ಖಾಲಿ ಉಳಿಯಿತು. ಖಾಲಿ ಕೈಗೆ ಜೇಬಿನ ದಾರಿ ಚೆನ್ನಾಗಿ ಗೊತ್ತು. ಶಾಲೆಯಿಂದ ಏನೋ ಸಂದೇಶ ಬಂದಿರಬಹುದು, ಒಂದು ಸಲ ನೋಡಿ ಇಟ್ಟುಬಿಡುತ್ತೇನೆ ಎಂದು ತೆಗೆದೆ. ಒಬ್ಬ ಹೊಂಡದಂಥ ಬಾಣಲೆಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದ. ಆಮೇಲೆ ಒಂದು ಬೆಕ್ಕು ಸೌತೆಕಾಯಿ ನೋಡಿ ಹೌಹಾರಿತು. ಆಮೇಲೆ ಎರಡು ಸೆಕೆಂಡಿನಲ್ಲಿ ಅಂಗಿ ಮಡಚುವ ವಿದ್ಯೆ. ಆಮೇಲೆ ಯಾರದೋ ಮದುವೆ, ಯಾರೋ ಕುಣಿದರು. ಈ ಮಧ್ಯೆ ನನ್ನ ಬಾಯಿ ಮಾತ್ರ ನಿಷ್ಠೆಯಿಂದ ಹೂಂ, ಹೂಂ ಎನ್ನುತ್ತಲೇ ಇತ್ತು. ಬಾಲ್ಯದ ಅಭ್ಯಾಸ ಎಷ್ಟು ಗಟ್ಟಿ ನೋಡಿ, ಕಿವಿಯ ಸಹಾಯವಿಲ್ಲದೆಯೇ ನಡೆಯುತ್ತದೆ!

ಕಾಲು ತಾಸಾದ ಮೇಲೆ ಪಡಸಾಲೆಯಲ್ಲಿ ಸದ್ದಿಲ್ಲದ್ದು ಗೊತ್ತಾಗಿ ತಲೆ ಎತ್ತಿದೆ. ದೊಡ್ಡವ್ವ ನನ್ನನ್ನೇ ನೋಡುತ್ತಿದ್ದಳು. “ಕಥಿ ಎಲ್ಲಿಗೆ ಮುಟ್ಟಿತು?” ಎಂದಳು. ಜಗತ್ತಿನ ಬಹುಪಾಲು ಕಥೆಗಳು ಕಡೆಗೆ ಮನೆಗೇ ಮುಟ್ಟುತ್ತವೆ ಎಂಬ ಅಂದಾಜಿನ ಮೇಲೆ ‘ಮನಿಗೆ’ ಎಂದೆ. ಆಕೆ ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಗೋಡೆ ಹಿಡಿದು ಎದ್ದು, ಎಮ್ಮೆಗೆ ನೀರು ಕುಡಿಸಿದರೋ ಇಲ್ಲವೋ ನೋಡಲು ಹಿತ್ತಲಿಗೆ ಹೋದಳು. ಕಥೆ ಕೇಳಿದೆಯಾ ಎಂದು ಸಂಜೆ ದೊಡ್ಡವ್ವ ಸೊಸೆಯ ಮುಂದೆ ವಿಚಾರಿಸಿದಾಗಲೂ, ಕೇಳಿದೆನಲ್ಲ, ಭಾಳ ಚಲೋ ಇತ್ತು ಎಂದೇ ಹೇಳಿದೆ. ಮಾಸ್ತರನ ಮರ್ಯಾದೆ!

ಅಲ್ಲಿಂದ ಒಂದು ವರ್ಷ ನನ್ನ ತನಿಖೆ ನಡೆಯಿತು. ಫೋನು ಮಾಡಿ, ಆ ಕಥೆಯಲ್ಲಿ ಬರುವ ಊರು ಯಾವುದು ದೊಡ್ಡವ್ವ, ಮರೆತೆ ಎಂದು ಜಾಣತನ ಮಾಡಿದೆ. ನೀ ಕೇಳಿದ್ದೀಯಲ್ಲ, ನೀನೇ ಹೇಳು ಎಂದಳು. ಅತ್ತೆ ಹೇಳುವಾಗ ನೀವು ಒಳಗೇ ಇದ್ದಿರಲ್ಲ ಎಂದು ವೈನಿಯನ್ನು, ಅಂದರೆ ದೊಡ್ಡವ್ವನ ಸೊಸೆಯನ್ನು, ಕೇಳಿದೆ. ರೊಟ್ಟಿ ಬಡಿಯುವ ಸದ್ದಿನಲ್ಲಿ ತನಗೆ ಟಾಂಗಾ ಎಂಬ ಒಂದೇ ಶಬ್ದ ಕೇಳಿಸಿತು ಎಂದರು. ಆ ಒಂದು ಟಾಂಗಾ ಇಟ್ಟುಕೊಂಡು ನಾನು ಅವ್ವನನ್ನು ಅದರ ಮೇಲಿಂದ ಬೀಳಿಸಿದೆ, ಅದರ ಕೆಳಗೆ ಸಿಕ್ಕಿಸಿದೆ, ಒಮ್ಮೆ ಅವಳೇ ಅದನ್ನು ಹೊಡೆಯುವ ಹಾಗೆಯೂ ಮಾಡಿದೆ. ರೊಟ್ಟಿಗೂ ಟಾಂಗಾಕ್ಕೂ ಮಾತ್ರ ಗಂಟು ಬೀಳಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ದಿನ ಅವ್ವನ ಹೆಸರನ್ನು ಅಂತರ್ಜಾಲದಲ್ಲೇ ಹಾಕಿ ಹುಡುಕಿದೆ. ಅದೇ ಹೆಸರಿನ ಒಬ್ಬಾಕೆ ಸೀರೆ ಮಾರುತ್ತಿದ್ದಳು, ಇನ್ನೊಬ್ಬಾಕೆ ಯೋಗ ಕಲಿಸುತ್ತಿದ್ದಳು. ಯೋಗ ನೋಡುತ್ತ ನೋಡುತ್ತ ಮುಕ್ಕಾಲು ತಾಸು ಹೋಯಿತು, ಅವ್ವ ಮರೆತೇ ಹೋದಳು.

ಈ ರೋಗ ನನಗೆ ಯಾವಾಗ ಹತ್ತಿತು ಎಂದು ಹೇಳಲಾರೆ. ಒಂದು ಕಾಲಕ್ಕೆ ದಪ್ಪ ಪುಸ್ತಕ ಹಿಡಿದರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಈಗ ಮೂರನೆಯ ಸಾಲಿಗೆ ನನ್ನ ಹೆಬ್ಬೆರಳು ಕಾಗದದ ಹಾಳೆಯನ್ನು ಮೇಲಕ್ಕೆ ತಳ್ಳಲು ನೋಡುತ್ತದೆ. ಹಾಳೆ ಸರಿಯುವುದಿಲ್ಲ, ಬೇಜಾರಾಗಿ ಪುಸ್ತಕ ಮುಚ್ಚುತ್ತೇನೆ. ಭೀಮೆಗೆ ಎಷ್ಟು ನೀರು ಬಂದಿದೆ ಎಂದು ನೋಡಲು ಫೋನು ತೆಗೆದವನು ಒಂಟೆಗೆ ಎಷ್ಟು ಹಲ್ಲಿವೆ ಎಂದು ತಿಳಿದು ಫೋನು ಇಡುತ್ತೇನೆ. ಹೊಳೆ ಊರ ಮುಂದೆಯೇ ಇದೆ, ಎದ್ದು ಹೋದರೆ ಕಾಣುತ್ತದೆ. ಇಷ್ಟು ತಿಳಿದವನಿಗೆ ನನ್ನವ್ವ ಯಾಕೆ ರೊಟ್ಟಿ ಸುಡುತ್ತಿದ್ದಳು ಎಂಬುದೊಂದು ತಿಳಿಯದು. ತಿಳಿದ ಒಬ್ಬಳೇ ಒಬ್ಬಳ ವಯಸ್ಸು ಎಂಬತ್ತು ದಾಟಿದೆ. ಇದನ್ನು ನೆನೆದಾಗಲೆಲ್ಲ ಸುರಪುರಕ್ಕೆ ಹೊರಡಬೇಕು ಎಂದುಕೊಂಡು ಮತ್ತೆ ಫೋನು ತೆಗೆಯುತ್ತಿದ್ದೆ.

ಮೊನ್ನೆ ಹಿಡಿ ಜೋಳದ ಜೊತೆ ಅಡುಗೆಮನೆಯಲ್ಲಿ ನಿಂತಾಗಲೂ ಅದೇ ನೆನಪಾಯಿತು. ಮರುದಿನ ರವಿವಾರ. ಫೋನಿಲ್ಲ, ಆದ್ದರಿಂದ ಇಲ್ಲದ ಕೆಲಸಗಳೂ ಇಲ್ಲ. ಬೆಳಿಗ್ಗೆ ಎದ್ದು ಬಸ್ಸು ಹತ್ತಿದೆ. ಭೀಮೆಯ ಸೇತುವೆ ಮೇಲೆ ಅಭ್ಯಾಸಬಲದಿಂದ ಮೂರು ಸಲ ಜೇಬು ಮುಟ್ಟಿಕೊಂಡೆ, ಜೇಬುಗಳ್ಳರ ಭಯವೇನೋ ಎಂದು ಪಕ್ಕದ ಮುದುಕ ತನ್ನ ಗಂಟನ್ನೂ ಹತ್ತಿರಕ್ಕೆ ಎಳೆದುಕೊಂಡ. ಶಹಾಪುರ ಹತ್ತಿರವಾದಾಗ ಗುಡ್ಡ ಕಂಡಿತು. ಮನುಷ್ಯ ಅಂಗಾತ ಮಲಗಿದ ಹಾಗೆ ಕಾಣುವ ಆ ಗುಡ್ಡವನ್ನು ಹಣೆ, ಮೂಗು, ಗದ್ದ ಎಂದು ಪೂರ್ತಿ ನೋಡಿ ಎಷ್ಟು ವರ್ಷವಾಗಿತ್ತೋ! ಫೋನಿನಲ್ಲಿ ಅದರ ಫೋಟೊ ಹನ್ನೆರಡಿವೆ. ಆಚೆ ಕಾಲುವೆ, ಭತ್ತದ ಗದ್ದೆ. ಸುರಪುರ ಮುಟ್ಟುವವರೆಗೆ ದೊಡ್ಡವ್ವನ ಮುಂದೆ ಹೇಳಬೇಕಾದ ಸುಳ್ಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಜೋಡಿಸಿ ಜೋಡಿಸಿ ಸಾಕಾಗಿ ಬಿಟ್ಟೆ.

ದೊಡ್ಡವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಚಪ್ಪಲಿ ಬಿಟ್ಟವನೇ ಎದುರಿಗೆ ಕೂತು, “ದೊಡ್ಡವ್ವ, ಅವತ್ತು ನಾ ಕಥಿ ಕೇಳಿಲ್ಲ. ಸುಳ್ಳು ಹೇಳೀನಿ” ಎಂದೆ.

“ಗೊತ್ತದ ತಮ್ಮಾ” ಎಂದಳು, ಶೇಂಗಾ ಬಿಡದೆ. “ನಡುವ ನಿಮ್ಮವ್ವನ ಆನಿ ಮ್ಯಾಗ ಕುಂದ್ರಿಸಿದ್ದೆ. ಅದಕ್ಕೂ ಹೂಂ ಅಂದಿ. ಇಷ್ಟು ಒಪ್ಪಾಕ ಒಂದು ವರ್ಷ ಬೇಕಾತೇನಪ?”

ಅವತ್ತು ನನ್ನ ಕೈಯಲ್ಲಿದ್ದ ಆ ಫೋನಿನ ಡಬ್ಬಿ ಎಲ್ಲಿ ಎಂದು ನನ್ನ ಜೇಬಿನ ಕಡೆ ಕಣ್ಣು ಹಾಯಿಸಿದಳು. ನೀರಿಗೆ ಬಿದ್ದದ್ದು, ಒಣಗಲೆಂದು ಜೋಳದಲ್ಲಿ ಹುಗಿದಿಟ್ಟದ್ದು, ಎಲ್ಲ ಹೇಳಿದೆ. ದೊಡ್ಡವ್ವ ನಗತೊಡಗಿದಳು. ಶೇಂಗಾ ಮೊರ ಕೆಳಗಿಟ್ಟು, ಸೆರಗು ಬಾಯಿಗೆ ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಏನಾಯಿತೋ ಎಂದು ವೈನಿ ಒಳಗಿನಿಂದ ಓಡಿ ಬಂದರು. “ಏನಿಲ್ಲವ್ವ, ಇವನ ಬದ್ಲಿ ಇವನ ಫೋನು ಜ್ವಾಳ ಹಿಡಕೊಂಡು ಕುಂತದಂತ. ಅದಕ್ಕಾರ ಬುದ್ಧಿ ಬಂತಲ್ಲ!” ಎಂದು ಮತ್ತೆ ನಕ್ಕಳು. ನಗು ಮುಗಿದ ಮೇಲೆ ಚೀಲಕ್ಕೆ ಕೈ ಹಾಕಿದಳು. ಈ ಸಲ ನಾನು ಎರಡೂ ಕೈ ಚಾಚಿದೆ.

ಕಥೆ ಇಷ್ಟೇ. ಅವ್ವನಿಗೆ ಆಗ ಒಂಬತ್ತು ವರ್ಷ, ದೊಡ್ಡವ್ವನಿಗೆ ಹದಿನಾಲ್ಕು. ನಮ್ಮೂರು ಯಾದಗಿರಿಯೇ ಅವರ ತವರು. ರಾಯಚೂರಿನಿಂದ ರೈಲಿಗೆ ಬರುವ ಸೋದರಮಾವನನ್ನು ಕರೆತರಲು ಇಬ್ಬರನ್ನೂ ಸ್ಟೇಷನ್ನಿಗೆ ಕಳಿಸಿದ್ದರು. ಬಳೆಗಾರ್ತಿಯೊಬ್ಬಳು ಕಂಡಳು, ದೊಡ್ಡವ್ವ ತಂಗಿಯನ್ನು ಕಂಬದ ಹತ್ತಿರ ನಿಲ್ಲಿಸಿ, ಮಾವ ಇಳಿದರೆ ಹಿಡಿದುಕೋ ಎಂದು ಹೇಳಿ ಆ ಕಡೆ ಹೋದಳು. ಮಾವನ ರೈಲು ಬಂತು. ಅದೇ ಹೊತ್ತಿಗೆ ಆಚೆ ಹಳಿಯ ಮೇಲೆ ಒಂದು ಗೂಡ್ಸ್ ಗಾಡಿ ನಿಧಾನಕ್ಕೆ ಹೊರಟಿತು. ಅವ್ವ ಅದರ ಡಬ್ಬಿ ಎಣಿಸಲು ಶುರು ಮಾಡಿದಳು. ಮಾವ ಇಳಿದು ಬಂದು ಪಕ್ಕದಲ್ಲೇ ನಿಂತ. ನಿಮ್ಮಕ್ಕ ಬಂದಿಲ್ಲೇನವ್ವ ಎಂದ, ಹೂಂ. ಮನೆಯಲ್ಲಿ ಎಲ್ಲ ಅರಾಮಿದ್ದಾರಾ, ಹೂಂ. ನಡಿ ಹೋಗೋಣ, ಹೂಂ. ಹುಡುಗಿ ಜಾಗ ಬಿಟ್ಟು ಕದಲಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಮಾವ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟಿದ್ದವನು. ನಾನು ಬಂದದ್ದು ನಿನಗೆ ಬೇಡವಾದರೆ ನಾನೇ ಹೋಗಲಾ ಎಂದ. ಅದಕ್ಕೂ ಹೂಂ. ಸರಿ, ಟಾಂಗಾ ಮಾಡಿಕೊಂಡು ಒಬ್ಬನೇ ಮನೆಗೆ ಹೋಗಿ, ನಿಮ್ಮ ಮಗಳು ನನ್ನನ್ನು ಹೋಗೆಂದಳು ಎಂದು ಊಟ ಒಲ್ಲೆನೆಂದು ಕೂತ.

ಅಜ್ಜ ಸ್ಟೇಷನ್ನಿಗೆ ಓಡಿ ಬಂದಾಗ ಅಕ್ಕತಂಗಿಯರಿಬ್ಬರೂ ಇನ್ನೂ ಮಾವನ ದಾರಿ ಕಾಯುತ್ತಿದ್ದರು. ತನ್ನ ಅಪ್ಪನನ್ನು ಕಂಡ ಅವ್ವ ಸಂತೋಷದಿಂದ ಮೊದಲು ಹೇಳಿದ ಮಾತು, ‘ನಲವತ್ತಾರು’. ಏನು ನಲವತ್ತಾರು ಎಂದರು ಅಜ್ಜ. ಡಬ್ಬಿ ನಲವತ್ತಾರು, ಹಿಂದೆ ಗಾರ್ಡಿನ ಡಬ್ಬಿ ಬೇರೆ ಎಂದಳು. ಏಟು ಬಿದ್ದದ್ದು ದೊಡ್ಡವ್ವನಿಗೆ, ತಂಗಿಯನ್ನು ಬಿಟ್ಟು ಹೋದದ್ದಕ್ಕೆ. ಅತ್ತದ್ದು ಅವ್ವ. ಮಾವ ಆ ಸಿಟ್ಟಿಗೆ ವರ್ಷಗಟ್ಟಲೆ ಬರಲಿಲ್ಲ, ಬರಲು ಮನಸ್ಸಾಗುವ ಹೊತ್ತಿಗೆ ತೀರಿಹೋದ. ಇದೆಲ್ಲ ತನ್ನ ಒಂದು ಹೂಂನಿಂದ ಆಯಿತು ಎಂದು ಅವ್ವ ಮನಸ್ಸಿಗೆ ಹಚ್ಚಿಕೊಂಡಳು. ಆವತ್ತಿನಿಂದ ಯಾರು ಮಾತಾಡಿದರೂ ಕೈಯಲ್ಲಿದ್ದುದನ್ನು ಬಿಟ್ಟು ತಿರುಗಿ ಕೂರತೊಡಗಿದಳು.

“ಎಲ್ಲಿಗೆ ಮುಟ್ಟಿತು?” ಎಂದಳು ದೊಡ್ಡವ್ವ.

“ಸ್ಟೇಷನ್ನಿಗೆ” ಎಂದೆ. ಮುಷ್ಟಿಯೊಳಗೆ ನನ್ನ ಹೆಬ್ಬೆರಳು ಕಥೆ ಮುಗಿಯುವತನಕ ಜೋಳವನ್ನು ಮೇಲಕ್ಕೆ ತಳ್ಳುತ್ತಲೇ ಇತ್ತು ಎಂಬುದನ್ನು ಮಾತ್ರ ಆಕೆಗೆ ಹೇಳಲಿಲ್ಲ. ಒಂದು ಕಾಳೂ ಬಿದ್ದಿರಲಿಲ್ಲ.

ನಾನೂ ಅವ್ವನ ಮಗನೇ ಅಲ್ಲವೇ, ಅವಳ ಹೂಂ ನನಗೆ ಬಂದಿದೆ ಎಂದು ಸ್ವಲ್ಪ ಸಮಾಧಾನ ಮಾಡಿಕೊಳ್ಳಲು ನೋಡಿದೆ. ದೊಡ್ಡವ್ವ ಮೊರ ಎತ್ತಿಕೊಂಡಳು. “ಆಕಿ ಹೂಂ ಅಂದ್ಲು ಖರೆ. ಆದ್ರ ನಲವತ್ತಾರು ಅಂತ ಹೇಳಿದ್ಲು. ನೀ ಅವತ್ತು ಏನು ಎಣಸಾಕತ್ತಿದ್ದಿ ತಮ್ಮಾ?” ಎಂದು ಕೇಳಿದಳು. ಕೊಂಕಿರಲಿಲ್ಲ, ಆಕೆಗೆ ನಿಜವಾಗಿಯೂ ತಿಳಿಯಬೇಕಿತ್ತು. ಭಜಿ, ಬೆಕ್ಕು, ಅಂಗಿ, ಅರ್ಧ ಮದುವೆ. ಎದ್ದು ಅಂಗಳಕ್ಕೆ ಹೋಗಿ ಕೋಳಿಗೆ ಜೋಳ ಹಾಕಿದೆ.

ಸಂಜೆ ಯಾದಗಿರಿಯಲ್ಲಿ ಇಳಿದವನು ಮನೆಗೆ ಹೋಗದೆ ಸ್ಟೇಷನ್ನಿಗೆ ಹೋದೆ. ಒಂದು ಗೂಡ್ಸ್ ಗಾಡಿ ಹೊರಟಿತು. ಹತ್ತೊಂಬತ್ತಕ್ಕೆ ನನ್ನ ಕೈ ಇಲ್ಲದ ಫೋನಿಗಾಗಿ ಜೇಬಿಗೆ ಹೋಯಿತು, ಎಣಿಕೆ ತಪ್ಪಿತು. ಲೆಕ್ಕದ ಮಾಸ್ತರ! ಹಟಕ್ಕೆ ಬಿದ್ದು ಇನ್ನೊಂದು ಗಾಡಿಗೆ ಕಾದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎಣಿಸಿದೆ. ಐವತ್ತೆಂಟು, ಹಿಂದೆ ಗಾರ್ಡಿನ ಡಬ್ಬಿ ಬೇರೆ. ಯಾರಿಗಾದರೂ ಹೇಳದಿದ್ದರೆ ಜೀವ ನಿಲ್ಲದು ಎನ್ನಿಸಿ ಬಿರಬಿರನೆ ಮನೆಗೆ ಬಂದೆ.

ನಮ್ಮಾಕಿ ರೊಟ್ಟಿ ಬಡಿಯುತ್ತಿದ್ದಳು. ಆಕೆಯ ಫೋನು ಹಿಟ್ಟಿನ ಡಬ್ಬಕ್ಕೆ ಒರಗಿ ನಿಂತಿತ್ತು, ಅದರಲ್ಲಿ ಧಾರಾವಾಹಿ ನಡೆದಿತ್ತು. ಬಾಗಿಲಲ್ಲೇ ಕೂತು ಶುರು ಮಾಡಿದೆ. ಅವ್ವನಿಗೆ ಒಂಬತ್ತು ವರ್ಷ ನೋಡು. “ಹೂಂ.” ಸ್ಟೇಷನ್ನಿಗೆ ಹೋದರು. “ಹೂಂ.” ದನಿಯಲ್ಲಿ ಏನೋ ಗುರುತು ಹತ್ತಿತು. ಅವ್ವ ಆನೆಯ ಮೇಲೆ ಕೂತು ಸುರಪುರಕ್ಕೆ ಹೊರಟಳು ಎಂದೆ. “ಹೂಂ” ಎಂದಳು ನಮ್ಮಾಕಿ, ಧಾರಾವಾಹಿಯ ಅತ್ತೆಯ ಮುಖದಿಂದ ಕಣ್ಣು ಕೀಳದೆ.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಷ್ಟು ವರ್ಷ ಈಕೆ ನನ್ನ ಹೂಂಗಳ ಮುಂದೆ ಕೂತು ಮಾತಾಡಿದ್ದಾಳೆ ಎಂಬ ಲೆಕ್ಕ ಮಾತ್ರ ತಲೆಯಲ್ಲಿ ಏಳಹತ್ತಿತು. ಎದ್ದು ಹೋಗಿ ಜೋಳದ ಡಬ್ಬಕ್ಕೆ ಕೈ ಇಳಿಸಿದೆ. ಫೋನು ಬೆರಳಿಗೆ ತಾಗಿತು. ಬದುಕಿದೆಯೋ ಸತ್ತಿದೆಯೋ ನೋಡಲಿಲ್ಲ, ಒಂದು ಹಿಡಿ ಜೋಳ ತೆಗೆದುಕೊಂಡು ಬಂದು, ಹಿಟ್ಟು ಮೆತ್ತಿದ ಆಕೆಯ ಬಲಗೈ ಬಿಡಿಸಿ ಹಾಕಿ, ಬೆರಳು ಮಡಚಿದೆ. ನಮ್ಮಾಕಿ ಗಾಬರಿಯಾಗಿ ನನ್ನ ಮುಖ ನೋಡಿದಳು. ಮುಷ್ಟಿ ನೋಡಿದಳು. ಎಡಗೈಯಿಂದ ಫೋನನ್ನು ಬೋರಲು ಹಾಕಿ, ಇಡೀ ಮೈ ನನ್ನ ಕಡೆ ತಿರುಗಿಸಿ ಕೂತಳು.

“ಮೊದಲಿಂದ ಹೇಳ್ರಿ” ಎಂದಳು.

ಹೇಳಿದೆ. ಮಾವ ರೈಲಿಳಿಯುವ ಹೊತ್ತಿಗೆ ಹಂಚಿನ ಮೇಲಿನ ರೊಟ್ಟಿ ಕರಕಾಗುವ ವಾಸನೆ ಬಂತು. ಇಬ್ಬರಿಗೂ ಬಂತು, ಇಬ್ಬರೂ ಏಳಲಿಲ್ಲ.